ಬಿದ್ದರೆ ಬಸಪ್ಪ, ಗೆದ್ದರೆ ನಂಜುಂಡ

ನಮ್ಮ ಹೊಳೆನರಸೀಪುರದ ಗರಡಿ ಮನೆಯಲ್ಲಿ ನಗಬಾರದು ಅಂತ ಉಸ್ತಾದರ ಕಟ್ಟಪ್ಪಣೆ ಇತ್ತು. ನಕ್ಕರೆ ಉಸಿರು ಹೋಗುತ್ತೆ, ಉಸಿರು ಹೋದರೆ ಪಟ್ಟು ಸಡಿಲವಾಗುತ್ತೆ ಅಂತ ಅವರ ವಾದ. ಆ ಅಪ್ಪಣೆ ಇದ್ದದ್ದಕ್ಕೋ ಏನೋ, ಅಲ್ಲಿ ದಿನಾ ನಗುವಂಥದ್ದೇ ಏನಾದರೊಂದು ಆಗುತ್ತಿತ್ತು. ನಾವು ಕೆನ್ನೆ ಕಚ್ಚಿಕೊಂಡು ಬಸ್ಕಿ ಹೊಡೆಯುತ್ತಿದ್ದೆವು. ಈಗ ಉಸ್ತಾದರಿಲ್ಲ, ಗದರಿಸುವವರೂ ಇಲ್ಲ. ಒಂದಷ್ಟು ಹೇಳಿ ಹೊಟ್ಟೆ ಹಗುರ ಮಾಡಿಕೊಳ್ಳುತ್ತೇನೆ.

ಮೊದಲು ಉಸ್ತಾದರು ಯಾರು ಅಂತ ಹೇಳಬೇಕಲ್ಲ. ಕುಸ್ತಿ ಕಲಿಸುವವರು. ನಮ್ಮ ತಾತನಿಗೆ ಕಲಿಸಿದರು, ಆಮೇಲೆ ನಮ್ಮಪ್ಪನಿಗೆ ಕಲಿಸಿದರು, ಆಮೇಲೆ ನನಗೆ. ಊರಿನ ಮೂರು ತಲೆಮಾರಿನ ಕಿವಿ ಹಿಂಡಿದ ಕೈ ಅದು. ಯಾವ ಮನೆಯ ಗಂಡಸು ಯಾವ ಕಡೆಗೆ ಬೀಳುತ್ತಾನೆ ಅಂತ ಅವನ ಹೆಂಡತಿಗಿಂತ ಉಸ್ತಾದರಿಗೆ ಚೆನ್ನಾಗಿ ಗೊತ್ತು. ಬೋಳು ತಲೆ, ಬಿಳಿ ಮೀಸೆ, ಕಿವಿ ಎರಡೂ ಉಪ್ಪಿನಕಾಯಿಯ ನಿಂಬೆಹೋಳಿನ ಹಾಗೆ ಮುದುರಿಕೊಂಡಿದ್ದವು. ವಯಸ್ಸೆಷ್ಟು ಅಂತ ಕೇಳಿದರೆ, "ನಿಮ್ಮ ತಾತನಿಗಿಂತ ಜಾಸ್ತಿ, ಒಳೆಗಿಂತ ಕಮ್ಮಿ" ಅನ್ನುತ್ತಿದ್ದರು. ಹೊಳೆ ಅಂದರೆ ಹೇಮಾವತಿ. ಗರಡಿಯ ಹಿಂದೆಯೇ ಹರಿಯುತ್ತಿತ್ತು.

ಲಗ್ನ ಚೆನ್ನಾಗಾಯ್ತಾ?

ನನಗೆ ಹದಿಮೂರು ತುಂಬಿದಾಗ ಗರಡಿಗೆ ಸೇರಿಸೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು. ಪೇಟೆಯಲ್ಲಿ ನಮ್ಮದು ಮೆಣಸಿನಕಾಯಿ, ಬೆಲ್ಲ, ಕೊಬ್ಬರಿ ಮಾರುವ ಅಂಗಡಿ. ಅಪ್ಪ ಅಂಗಡಿ ಬಾಗಿಲು ಹಾಕಿಕೊಂಡು ನನ್ನನ್ನು ಕರೆದುಕೊಂಡು ಹೊರಟರು. ಗರಡಿ ಬೀದಿಯ ತಿರುವು ಬಂತು ನೋಡಿ, ಅವರ ಕಾಲು ನಿಂತುಬಿಟ್ಟಿತು.

"ನೀನು ಹೋಗು. ನಾನು ಇಲ್ಲೇ ಇರ್ತೀನಿ" ಅಂದವರೇ ಬೇವಿನ ಮರದ ಹಿಂದಕ್ಕೆ ಸರಿದರು. ಯಾಕೆ ಅಂತ ನನಗೇನು ಗೊತ್ತು? ಹೋದೆ.

ಉಸ್ತಾದರು ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ ಹಾಕಿ ಮಟ್ಟಿ ಹದ ಮಾಡುತ್ತಿದ್ದರು. ಕುಸ್ತಿ ಆಡುವ ಮಣ್ಣಿಗೆ ನಮ್ಮಲ್ಲಿ ಮಟ್ಟಿ ಅನ್ನುತ್ತಾರೆ. ಅವರು ನನ್ನ ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ. ಮಣ್ಣಿನ ಕೈಯಲ್ಲೇ ನನ್ನ ಕತ್ತು ಹಿಡಿದು ನೋಡಿದರು. ಬೆನ್ನು ತಿರುಗಿಸಿದರು. ಬಗ್ಗಿ ಮೀನಖಂಡ ಒತ್ತಿದರು. ಸಂತೆಯಲ್ಲಿ ಹೋರಿ ನೋಡುವವರು ಇನ್ನೂ ಸ್ವಲ್ಪ ಮರ್ಯಾದೆಯಿಂದ ನೋಡುತ್ತಾರೆ.

"ಬಸಪ್ಪ" ಅಂದರು.

"ಬಸಪ್ಪ ನಮ್ಮಪ್ಪ, ಉಸ್ತಾದ್ರೇ. ನಾನು ನಂಜುಂಡ. ತಾತನ ಹೆಸರು ಇಟ್ಟಿದ್ದಾರೆ."

"ಎಸರು ಯಾರ್ದಾದ್ರೂ ಇಟ್ಕಳ್ಲಿ, ಕಾಲು ಬಸಪ್ಪಂದೇ" ಅಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಾಳೆ ಬತ್ತೀನಿ ಅಂತ ಓದೋನು ಇವತ್ತು ಬಂದ್ಯಾ? ಲಗ್ನ ಚೆನ್ನಾಗಾಯ್ತಾ?"

ಆಗ ಗೊತ್ತಾಯಿತು, ಅಪ್ಪ ಬೇವಿನ ಮರದ ಹಿಂದೆ ಯಾಕೆ ನಿಂತರು ಅಂತ. ಮದುವೆಯ ಹಿಂದಿನ ದಿನ "ನಾಳೆ ಬತ್ತೀನಿ ಉಸ್ತಾದ್ರೇ" ಅಂತ ಹೇಳಿ ಹೋದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಇಲ್ಲಿ ನಾನು ಹದಿಮೂರರ ಹುಡುಗ, ಮೀಸೆಯೂ ಮೂಡಿಲ್ಲ, ಲಗ್ನ ಹೇಗಾಯ್ತು ಅಂತ ಕೇಳುತ್ತಿದ್ದಾರೆ. ಸುತ್ತ ಇದ್ದ ಹುಡುಗರೆಲ್ಲ ಕೆನ್ನೆ ಕಚ್ಚಿಕೊಂಡು ಗೋಡೆ ನೋಡುತ್ತಿದ್ದಾರೆ.

"ಚೆನ್ನಾಗಾಯ್ತಂತೆ" ಅಂದೆ. ಇನ್ನೇನು ಹೇಳಲಿ?

"ಸರಿ. ಬಿಟ್ಟೋದ ಬಸ್ಕಿ ಎಲ್ಲಾ ಒಡಿ ಅಂಗಾದ್ರೆ."

ಅಪ್ಪ ಅಷ್ಟು ವರ್ಷ ತಪ್ಪಿಸಿಕೊಂಡ ಬಸ್ಕಿಯನ್ನೆಲ್ಲ ಆವತ್ತಿನಿಂದ ನಾನು ಹೊಡೆಯಲು ಶುರು ಮಾಡಿದೆ. ಕುಂಟಿಕೊಂಡು ಮನೆಗೆ ಬಂದಾಗ ಅವ್ವ ಬಿಸಿನೀರು ಕಾಯಿಸುತ್ತಿದ್ದಳು. ಏನಂದರು ಉಸ್ತಾದರು ಅಂತ ಕೇಳಿದಳು. "ಲಗ್ನ ಚೆನ್ನಾಗಾಯ್ತಾ ಅಂತ ಕೇಳಿದರು" ಅಂದೆ.

ಅವ್ವ ಅಪ್ಪನ ಕಡೆ ಒಂದು ಸಲ ನೋಡಿದಳು. "ಲಗ್ನ ಚೆನ್ನಾಗೇ ಆಯ್ತು. ಆಮೇಲಿಂದು ಅವರು ಕೇಳಲಿಲ್ವಾ?" ಅಂದಳು.

ಹೆಸರಿನ ಕಟ್ಟಳೆ

ನನಗೆ ನನ್ನ ಹೆಸರಿನದೇ ಒಂದು ದೊಡ್ಡ ಸಂಕಟ. ಮನೆಯಲ್ಲಿ ಅವ್ವ ಮಾವನ ಹೆಸರು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಮಾವನ ಹೆಸರೇ ನನ್ನ ಹೆಸರು. ಆದ್ದರಿಂದ ಅವಳಿಗೆ ನಾನು ಪುಟ್ಟ. ಅವ್ವ ಪುಟ್ಟ ಅಂದಮೇಲೆ ಮನೆಗೆ ಪುಟ್ಟ, ಬೀದಿಗೆ ಪುಟ್ಟ. ಗರಡಿಗೆ ಹೋದರೆ ಬಸಪ್ಪ. ನಾಮಕರಣದಲ್ಲಿ ಅಷ್ಟೊಂದು ಜನ ಸೇರಿ ಇಟ್ಟ ಹೆಸರನ್ನು ಕರೆಯುವವರೇ ಇಲ್ಲ.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಉಸ್ತಾದ್ರೇ, ನನ್ನನ್ನ ನಂಜುಂಡ ಅಂತ ಕರೀರಿ."

ಅವರು ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದರು. ನನಗೆ ಮರೆವು ಅಂದುಕೊಂಡಿದ್ದೀಯಾ ಅನ್ನುವ ಹಾಗೆ ನೋಡಿದರು. "ನೋಡ್ಲಾ, ನಂಜುಂಡ ಅಂದ್ರೆ ನಿಮ್ಮ ತಾತ. ಅವನ ಕಾಲದಾಗೆ ಬೆನ್ನಿಗೆ ಮಣ್ಣು ಅಂಟಿಸ್ಕಂಡೋನಲ್ಲ. ನಿಮ್ಮಪ್ಪ ಬಸಪ್ಪ ಎಡಗಡೀಕೆ ವಾಲೋನು, ಗಾಳಿ ಬಂದ್ರೂ ಬೀಳೋನು. ನೀನೂ ಎಡಗಡೀಕೇ ಬೀಳ್ತೀಯ. ಬಿದ್ರೆ ಬಸಪ್ಪ, ಗೆದ್ರೆ ನಂಜುಂಡ. ಒಂದು ಜೋಡಿ ಕುಸ್ತಿ ಗೆದ್ದು ಬಾ, ಕರೀತೀನಿ."

ಅಲ್ಲಿಂದ ನನಗೆ ಊಟ ರುಚಿಸಲಿಲ್ಲ. ಬೇರೆ ಹುಡುಗರಿಗೆ ಗದೆ ಬೇಕು, ಪೇಟ ಬೇಕು, ಮೈಸೂರು ದಸರೆಯಲ್ಲಿ ಮಹಾರಾಜರ ಮುಂದೆ ಕುಸ್ತಿ ಆಡಬೇಕು. ನನಗೆ ಬೇಕಾದದ್ದು ಆ ಮುದುಕನ ಬಾಯಲ್ಲಿ ನನ್ನ ಹೆಸರು, ಒಂದೇ ಒಂದು ಸಲ.

ಈ ಮಾತು ತಾತನ ಕಿವಿಗೆ ಬಿತ್ತು. ಅವರು ಜಗಲಿಯ ಮೇಲೆ ಕೂತು ಮೀಸೆ ನೀವಿಕೊಂಡರು. "ಇಟ್ಟ ಮಾತ್ರಕ್ಕೆ ಆ ಹೆಸರು ಬಂದುಬಿಡುತ್ತೇನೋ ಮರಿ? ನಾನು ಎಷ್ಟು ಬೆವರು ಸುರಿಸಿದ್ದೀನಿ ಗೊತ್ತಾ?" ಅಂದರು. ಆವತ್ತಿಡೀ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿಕೊಂಡು ಉಸ್ತಾದರು ತಮ್ಮ ಬಗ್ಗೆ ಏನಂದರು ಅಂತ ಹೇಳಿದ್ದೇ ಹೇಳಿದ್ದು.

ಅಪ್ಪ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದರು. ಅಷ್ಟರಲ್ಲಿ ಪೇಟೆ ಬೀದಿಯಲ್ಲಿ ಉಸ್ತಾದರು ಬರುವುದು ಕಾಣಿಸಿತು. ಅಪ್ಪ ತಕ್ಕಡಿ ಬಿಟ್ಟು ಮೆಣಸಿನಕಾಯಿ ಮೂಟೆಯ ಹಿಂದೆ ಕೂತರು. ಹದಿನಾಲ್ಕು ಹದಿನೈದು ವರ್ಷದಿಂದ ಅವರು ಉಸ್ತಾದರ ಕಣ್ಣು ತಪ್ಪಿಸುತ್ತಿದ್ದದ್ದು ಹೀಗೆ. ಮೂಟೆಯ ಹಿಂದಿನಿಂದ ಒಂದು ಸೀನು ಬಂತು, ಆಮೇಲೆ ಒಂದು ಮಾತು ಬಂತು: "ನನ್ನ ಹೆಸರಿಗೆ ಏನಾಗಿದೆಯಂತೆ?"

ಅಮಲ್ದಾರರ ಪಾದ

ಯಾರೋ ಅರ್ಜಿ ಹಾಕಿದರು, ಗರಡಿಯ ಗೋಡೆ ರಸ್ತೆಗೆ ಅಡ್ಡ ಬಂದಿದೆ, ಕೆಡವಬೇಕು ಅಂತ. ಗೋಡೆ ಹೋದರೆ ಮಟ್ಟಿಯೂ ಹೋಗುತ್ತಿತ್ತು. ವಿಚಾರಣೆಗೆ ಹೊಸದಾಗಿ ಬಂದ ಅಮಲ್ದಾರರೇ ಬರುತ್ತಾರೆ ಅಂತ ಸುದ್ದಿಯಾಯಿತು. ನಾವೆಲ್ಲ ಮುಖ ಸಣ್ಣ ಮಾಡಿಕೊಂಡು ಸಾಲಾಗಿ ನಿಂತೆವು.

ಅಮಲ್ದಾರರು ಬಂದರು. ಕಪ್ಪು ಕೋಟು, ಜರಿ ಪೇಟ, ಮಿರಮಿರ ಮಿನುಗುವ ಬೂಟು, ಹಿಂದೆ ಹಿತ್ತಾಳೆ ಬಿಲ್ಲೆಯ ಡವಾಲಿ ಹಾಕಿದ ಜವಾನರು. ಉಸ್ತಾದರು ಕೂತಲ್ಲಿಂದ ಏಳಲಿಲ್ಲ. ಒಬ್ಬ ಹುಡುಗನ ಭುಜ ತಿಕ್ಕುತ್ತಿದ್ದರು.

"ಸಾಹೇಬ್ರು ಬಂದವ್ರೆ, ಎದ್ದೇಳಿ" ಅಂದ ಜವಾನ.

ಉಸ್ತಾದರು ತಲೆ ಎತ್ತಲಿಲ್ಲ. ಅವರ ಕಣ್ಣು ಬೂಟಿನ ಮೇಲಿತ್ತು. ಬಲಗಡೆಯ ಬೂಟು ಹೊರಕ್ಕೆ ತಿರುಗಿಕೊಂಡು ನಿಂತಿತ್ತು. "ಈ ಪಾದ ನಾನು ನೋಡಿವ್ನಿ" ಅಂದರು. "ಲೇ, ನೀನು ಇಲ್ಲಿ ಶೇಕ್ದಾರರಾಗಿದ್ದೋರ ಮಗ ಅಲ್ವೇನ್ಲಾ? ಪಾದ ಒಳೀಕೆ ತಿರುಗಿಸ್ಕೊಂಡು ನಿಂತ್ಕೋ ಅಂತ ನಿಂಗೆ ಎಷ್ಟು ದಪ ಬಡ್ಕೊಂಡಿದ್ದೆ?"

ಜವಾನರ ಎದುರಿಗೇ, ತಾಲ್ಲೂಕಿಗೆ ತಾಲ್ಲೂಕೇ ಹೆದರುವ ಸಾಹೇಬರ ಬಲಗಾಲು ಮೆಲ್ಲಗೆ ಒಳಕ್ಕೆ ತಿರುಗಿತು.

"ಬೂಟು ಬಿಟ್ಟು ಬಾ. ಮಟ್ಟಿ ತುಳೀಬ್ಯಾಡ."

ಬೂಟು ಹೋಯಿತು. ಆಮೇಲೆ ಕೋಟು ಹೋಯಿತು. ಒಬ್ಬ ಜವಾನ ಕೋಟು ಹಿಡಿದುಕೊಂಡ, ಇನ್ನೊಬ್ಬ ಪೇಟವನ್ನು ದೇವರ ಮುಂದಿನ ಕಳಶದ ಹಾಗೆ ಎರಡು ಕೈಯಲ್ಲಿ ಹಿಡಿದು ನಿಂತ. ಸಾಹೇಬರು ಬಸ್ಕಿ ಹೊಡೆದರು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಅಪ್ಪಣೆ ಮುರಿದುಹೋಗುತ್ತಿತ್ತು.

ಮುಗಿದ ಮೇಲೆ ಸಾಹೇಬರು ಉಸ್ತಾದರ ಕಾಲು ಮುಟ್ಟಿ, ಏದುಸಿರು ಬಿಡುತ್ತಾ ಜವಾನನಿಗೆ ಹೇಳಿದರು: "ನೋಡಿದ್ಯೇನಯ್ಯಾ? ಗೋಡೆ ರಸ್ತೆಗೆ ಅಡ್ಡ ಬಂದಿಲ್ಲ. ರಸ್ತೆಯೇ ಗೋಡೆಗೆ ಅಡ್ಡ ಬಂದಿದೆ."

ಗೋಡೆ ಉಳಿಯಿತು. ಮಾರನೆಯ ದಿನ ಕಚೇರಿಯಲ್ಲಿ ಸಾಹೇಬರ ಮಂಡಿ ಬಗ್ಗಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೂ ನಿಂತೇ ಅಹವಾಲು ಕೇಳಿದರಂತೆ. ದಂಡಿಗನಹಳ್ಳಿ ಕಡೆಯಿಂದ ಬಂದಿದ್ದ ರೈತನೊಬ್ಬ ನಮ್ಮ ಅಂಗಡಿಗೆ ಬಂದು ಅಪ್ಪನ ಹತ್ತಿರ ಹೇಳಿದ: "ಇಂಥಾ ಚುರುಕಾದ ಸಾಹೇಬ್ರನ್ನ ನಾ ಎಲ್ಲೂ ಕಂಡಿಲ್ಲ ಕಣ್ ಸಾ. ಪುಣ್ಯಾತ್ಮ, ಕೂರೋದೇ ಇಲ್ಲ."

ಇದ್ದಲು ಬಸ್ಸು

ಯುದ್ಧ ಶುರುವಾಗಿ ಪೆಟ್ರೋಲು ಕಾಣದಂತಾಯಿತು. ಬಸ್ಸಿನ ಹಿಂದೆ ಒಂದು ಉದ್ದನೆಯ ಒಲೆ ಕಟ್ಟಿ, ಇದ್ದಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅಂತ ಹೇಳುವುದು ಬಾಯಿಮಾತಿಗೆ. ಏರು ಬಂದರೆ ಜನರೇ ಬಸ್ಸನ್ನು ಓಡಿಸಬೇಕಿತ್ತು.

ಬಾಗೂರಿನಲ್ಲಿ ಕುಸ್ತಿ ಇತ್ತು. ಅದು ನನ್ನ ಮೊದಲ ಜೋಡಿ. ಗೆದ್ದರೆ ಹೆಸರು ಸಿಗುತ್ತೆ ಅಂತ ನಾನು ಹಿಂದಿನ ರಾತ್ರಿಯೇ ಗಂಟು ಕಟ್ಟಿಟ್ಟುಕೊಂಡಿದ್ದೆ. ಉಸ್ತಾದರೂ ನಾನೂ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿ ಬಾಗೂರಿನ ಬಸ್ಸು ಹತ್ತಿದೆವು. ಬಸ್ಸಿನ ತುಂಬ ಸಂತೆಗೆ ಹೋಗುವ ಜನ. ಒಂದು ಏರಿನಲ್ಲಿ ಬಸ್ಸು ಕೆಮ್ಮಿತು, ನರಳಿತು, ನಿಂತಿತು.

"ಇಳೀರಪ್ಪಾ, ಒಂಚೂರು ತಳ್ಳಿ" ಅಂದ ಕಂಡಕ್ಟರು.

ಎಲ್ಲರೂ ಇಳಿದು ಸುಮ್ಮನೆ ಕೈ ಕೊಟ್ಟು ತಳ್ಳಲು ಹೋದರು. ಉಸ್ತಾದರಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. "ಇದೇನ್ ತಳ್ಳೋದು, ಮದ್ವೆ ಮನೇಲಿ ಗಂಧ ಅಚ್ಚೋ ಅಂಗೆ? ನಿಲ್ಲಿ ಎಲ್ಲಾ" ಅಂದರು. ಒಬ್ಬೊಬ್ಬರ ಬೆನ್ನೂ ತಟ್ಟಿ ನೋಡಿದರು. "ನಿಮ್ಮಪ್ಪ ನನ್ ತಾವ್ ಕಲ್ತೋನು, ಬಲ ಎಲ್ಲಾ ಭುಜದಾಗೆ. ನೀ ನಡೂಕೆ ಬಾ. ನೀ ಯಾರಪ್ಪಾ, ಗುರುತಾಗ್ಲಿಲ್ಲ. ಪಟೇಲರ ಮಗನಾ? ಪಂಚೆ ಎತ್ ಕಟ್ಟು, ಕಾಲು ಅಗಲಿಸು. ಸೊಂಟ ಬಗ್ಸಿ ಎಲ್ಲಾ. ಉಸ್ರು ಬಿಗಿ ಇಡೀರಿ. ಊಂ."

ಒಂದೇ ಸಲಕ್ಕೆ ಬಸ್ಸು ಚಂಗನೆ ಎಗರಿತು. ಹೊಗೆ ಕಾರಿಕೊಂಡು ಏರು ದಾಟಿತು, ಇಳಿಜಾರಿಗೆ ಬಿತ್ತು, ಹೋಗಿಯೇಹೋಯಿತು. ಕಂಡಕ್ಟರನೂ ನಮ್ಮ ಜೊತೆ ರಸ್ತೆಯಲ್ಲೇ ನಿಂತಿದ್ದ. ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ ಅಂತ ಡ್ರೈವರನಿಗೆ ಭಯ, ಅವನು ಬಾಗೂರು ಮುಟ್ಟುವವರೆಗೂ ಹಿಂತಿರುಗಿ ನೋಡಲಿಲ್ಲ.

"ತಳ್ಳಿದ್ದು ಮಾತ್ರ ಸರ್ಯಾಗಿತ್ತು" ಅಂತ ಉಸ್ತಾದರು ದಾರಿಯುದ್ದಕ್ಕೂ ಹೇಳಿಕೊಂಡು ನಡೆದರು.

ಬಾಗೂರಿನಲ್ಲಿ ನಮ್ಮೆಲ್ಲರ ಗಂಟು ಕಾಯುತ್ತಾ ಒಬ್ಬ ಅಜ್ಜಿ ಮರದ ಕೆಳಗೆ ಕೂತಿತ್ತು. ನಾವು ತಳ್ಳುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ ಒಳಗೇ ಉಳಿದುಬಿಟ್ಟಿದ್ದ ಅಜ್ಜಿ. ಬೆವರು ಸುರಿಸಿಕೊಂಡು ಬಂದ ನಮ್ಮ ದಂಡನ್ನು ನೋಡಿ ಅದಕ್ಕೆ ಕನಿಕರ ಬಂತು. "ಟಿಕೀಟು ತಕ್ಕೊಂಡು ಯಾಕ್ರಪ್ಪಾ ನಡ್ಕೊಂಡ್ ಬಂದ್ರಿ? ಒಳಗೆ ಬೇಕಾದಷ್ಟು ಜಾಗ ಇತ್ತಲ್ಲ" ಅಂದಿತು.

ತಪ್ಪು ಕಣ್ಣಿಗೆ ಬಿದ್ದರೆ

ಬಾಗೂರಿನ ಅಖಾಡದಲ್ಲಿ ನನಗೆ ಜೋಡಿಯಾದವನು ಅರಕಲಗೂಡಿನ ಹುಡುಗ. ನನ್ನದೇ ವಯಸ್ಸು, ನನ್ನದೇ ತೂಕ, ಕಣ್ಣಲ್ಲಿ ನನಗಿಂತ ಜಾಸ್ತಿ ಹೆದರಿಕೆ. ಎರಡು ಸುತ್ತು ಬರುವಷ್ಟರಲ್ಲಿ ಅವನು ನನ್ನ ಕೈಗೆ ಸಿಕ್ಕ. ಮಂಡಿಯೂರಿಸಿದೆ. ಅವನ ಎಡಗಾಲು ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ಕಾಲು ಹಾಕಿ ಹೊರಳಿಸಿದರೆ ಮುಗಿಯಿತು, ನಾನು ನಂಜುಂಡ.

ಅಷ್ಟರಲ್ಲಿ ನಮ್ಮ ಉಸ್ತಾದರ ದನಿ ಕೇಳಿಸಿತು. "ಲೇ ಅರಕಲಗೂಡಿನೋನೇ, ಎಡಗಾಲು ಎಳ್ಕಳ್ಲಾ. ನಿಮ್ಮ ತಾತನೂ ಇಂಗೇ ಕಾಲು ಬಿಟ್ಟು ಕೆಟ್ಟ."

ಆ ಹುಡುಗ ಪಟಕ್ಕನೆ ಕಾಲು ಎಳೆದುಕೊಂಡ. ನಾನು ಹಾಕಿದ ಕಾಲು ಗಾಳಿಗೆ ಹೋಯಿತು, ಅದರ ಹಿಂದೆ ನಾನೂ ಹೋದೆ, ಎಡಗಡೆಗೆ. ಕಣ್ಣು ಬಿಟ್ಟಾಗ ಆಕಾಶ ಕಾಣಿಸಿತು.

ಹೊಟ್ಟೆ ಉರಿದುಹೋಯಿತು. ಅಳು ಬಂತು. ಅತ್ತೂಬಿಟ್ಟೆ. "ನೀವು ನನ್ನ ಉಸ್ತಾದರೋ ಅವನ ಉಸ್ತಾದರೋ?" ಅಂತ ಎಲ್ಲರ ಎದುರಿಗೂ ಕೇಳಿಬಿಟ್ಟೆ.

ಅವರಿಗೆ ನಾಚಿಕೆ ಆದ ಹಾಗೆ ಕಾಣಿಸಿತು, ಆದರೆ ಸಂತೋಷ ಅದಕ್ಕಿಂತ ಜಾಸ್ತಿ ಕಾಣಿಸಿತು. "ಅವನ ತಾತ ಮೊದ್ಲು ನಮ್ಮ ಗರಡೀಲೇ ಇದ್ದ ಕಣ್ಲಾ. ಆ ಕಾಲು ಎಳ್ಕೋ ಎಳ್ಕೋ ಅಂತ ಏಳಿ ಏಳಿ ನನ್ ಗಂಟ್ಲು ಬಿದ್ದೋಗಿತ್ತು. ಅವ ಕೇಳ್ಲೇ ಇಲ್ಲ. ಇವತ್ತು ಮೊಮ್ಮಗ ಕೇಳ್ದ ನೋಡು" ಅಂದು ಕಣ್ಣೊರೆಸಿಕೊಂಡರು. "ತಪ್ಪು ಕಣ್ಗೆ ಬಿದ್ರೆ ಬಾಯಿ ತಡ್ಕಳಾಕಾಗಲ್ಲ ಬಸಪ್ಪಾ. ಅಭ್ಯಾಸ ಆಗೋಗದೆ."

ಅರಕಲಗೂಡಿನ ಹುಡುಗ ಒಳ್ಳೆಯವನು. ಬಂದು ಉಸ್ತಾದರ ಕಾಲಿಗೆ ಬಿದ್ದು, ತನಗೆ ಹೊದಿಸಿದ ಶಾಲನ್ನು ಅವರಿಗೆ ಹೊದಿಸಿದ. ಊರಿಗೆ ವಾಪಸು ಬಂದಾಗ ಸೋತ ನಾನು ಗಂಟು ಹೊತ್ತುಕೊಂಡು ಹಿಂದೆ, ನನ್ನನ್ನು ಸೋಲಿಸಿದವನ ಶಾಲು ಹೊದ್ದುಕೊಂಡು ನನ್ನ ಉಸ್ತಾದರು ಮುಂದೆ.

ಹಾಸನದ ಜೋಡಿ

ಮಾರನೆಯ ವರ್ಷ ಹಾಸನದಲ್ಲಿ ದೊಡ್ಡ ಕುಸ್ತಿ. ಮತ್ತೆ ಅದೇ ಅರಕಲಗೂಡಿನ ಹುಡುಗನೇ ಜೋಡಿ. ಈ ಸಲ ಏನಾದರೂ ಆಗಲಿ, ಬಸಪ್ಪನಾಗಿ ಮನೆಗೆ ಬರುವುದಿಲ್ಲ ಅಂತ ನಾನು ಶಪಥ ಮಾಡಿದೆ. ಆದರೆ ನನ್ನ ಭಯವೆಲ್ಲ ಎದುರಾಳಿಯದಲ್ಲ, ನಮ್ಮ ಉಸ್ತಾದರ ಬಾಯಿಯದು.

ಅದಕ್ಕೆ ಉಪಾಯ ಹೇಳಿಕೊಟ್ಟವರು ತಾತ. "ಬಾಯಲ್ಲಿ ಎಲೆ ಅಡಿಕೆ ಇದ್ದರೆ ಅವರು ಮಾತಾಡಲ್ಲ. ರಸ ಹೊರಗೆ ಬೀಳುತ್ತೆ ಅಂತ ತುಟಿ ಬಿಚ್ಚಲ್ಲ" ಅಂದರು. ಹಾಸನದ ಒಳ್ಳೆಯ ಚಿಗುರೆಲೆ, ಅಡಿಕೆ, ಸುಣ್ಣ, ಒಂದಿಷ್ಟು ಹೊಗೆಸೊಪ್ಪು, ಎಲ್ಲ ಸೇರಿಸಿ ಒಂದು ದೊಡ್ಡ ಉಂಡೆ ಮಾಡಿ ನಾನೇ ಉಸ್ತಾದರ ಬಾಯಿಗೆ ಇಟ್ಟೆ. ಅವರೂ ಒಪ್ಪಿಕೊಂಡರು. ಕೆನ್ನೆ ಊದಿಸಿಕೊಂಡು ಅಖಾಡದ ಅಂಚಿನಲ್ಲಿ ಕೂತರು. ಅವರ ಪಕ್ಕದಲ್ಲಿ ತಾತ, ಮಡಿ ಪಂಚೆ ಉಟ್ಟು, ಬೆಳ್ಳಿ ಹಿಡಿಯ ಊರುಗೋಲು ಹಿಡಿದು ಗತ್ತಿನಲ್ಲಿ ಕೂತರು. ಅಪ್ಪ ಮಾತ್ರ ಜನದ ಹಿಂದೆ, ತಲೆಗೆ ಟವಲು ಸುತ್ತಿಕೊಂಡು ಉಸ್ತಾದರ ಕಣ್ಣಿಗೆ ಬೀಳದ ಹಾಗೆ ನಿಂತಿದ್ದರು.

ಕುಸ್ತಿ ಶುರುವಾಯಿತು. ಆ ಹುಡುಗ ಒಂದು ವರ್ಷದಲ್ಲಿ ಬೆಳೆದಿದ್ದ. ಎಡಗಾಲು ಹೊರಗೆ ಬಿಡಲೇ ಇಲ್ಲ, ಯಾರ ಪುಣ್ಯವೋ. ಕತ್ತಿಗೆ ಕತ್ತು ಕೊಟ್ಟು ಇಬ್ಬರೂ ತಳ್ಳಾಡಿದೆವು. ಉಸ್ತಾದರು "ಊಂ, ಊಂ" ಅನ್ನುತ್ತಿದ್ದರೇ ಹೊರತು ತುಟಿ ಬಿಚ್ಚಲಿಲ್ಲ. ಅವರ ಮುಖ ಕೆಂಪಗಾಗಿತ್ತು. ಆಮೇಲೆ ನಾನು ಅವನ ಸೊಂಟ ಹಿಡಿದೆ. ಹಿಡಿದೆ ಅನ್ನುವಷ್ಟರಲ್ಲಿ ಅವನು ನನ್ನನ್ನು ಎಡಗಡೆಗೆ ವಾಲಿಸಿದ. ಕೈ ಬೆವರಿ ಜಾರುತ್ತಿತ್ತು. ಬಿಟ್ಟುಬಿಡೋಣ, ಮೇಲೆದ್ದು ಬೇರೆ ಪಟ್ಟು ಹಾಕೋಣ ಅಂತ ಅನ್ನಿಸಿತು. ಬಿಟ್ಟಿದ್ದರೆ ಬೀಳುತ್ತಿದ್ದೆ, ಈಗ ಗೊತ್ತು.

ಆಗ ಕೇಳಿಸಿತು ನೋಡಿ, ಇಡೀ ಹಾಸನಕ್ಕೆ ಕೇಳುವ ಹಾಗೆ:

"ನಂಜುಂಡಾ, ಬಿಡಬ್ಯಾಡ ಕಣ್ಲಾ! ಸೊಂಟ ಇಡ್ಕೋ, ಬಿಡಬ್ಯಾಡ!"

ಐದು ವರ್ಷ ಕಾದಿದ್ದೆ ಆ ಹೆಸರಿಗೆ. ಮೈಯಲ್ಲಿ ಎಲ್ಲಿತ್ತೋ ಅಷ್ಟು ಬಲ, ಕಾಣೆ. ಬಿಡಲಿಲ್ಲ. ಹಿಡಿದ ಸೊಂಟವನ್ನು ಹಾಗೇ ಎತ್ತಿ, ಬಲಗಡೆಗೆ ತಿರುಗಿಸಿ, ಅರಕಲಗೂಡಿನ ಹುಡುಗನನ್ನು ಅಂಗಾತ ಕೆಡವಿ ಅವನ ಎದೆಯ ಮೇಲೆ ಬಿದ್ದೆ. ಜನ ಹೋ ಅಂದಿತು. ತೀರ್ಪುಗಾರರು ನನ್ನ ಕೈ ಎತ್ತಿದರು. ನನಗೆ ಕಣ್ಣಲ್ಲಿ ನೀರು, ಮೂಗಲ್ಲಿ ಮಣ್ಣು.

ಓಡಿಹೋಗಿ ಉಸ್ತಾದರ ಕಾಲಿಗೆ ಬಿದ್ದೆ. ಅವರ ಬಿಳಿ ಮೀಸೆ, ಬನಿಯನ್ನು, ಮುಂದೆ ಕೂತವರ ಪೇಟ, ಎಲ್ಲದರ ಮೇಲೂ ಎಲೆ ಅಡಿಕೆ.

"ಕರೆದ್ರಲ್ಲಾ ಉಸ್ತಾದ್ರೇ. ನಂಜುಂಡಾ ಅಂತ ಕರೆದ್ರಲ್ಲಾ."

ಅವರು ಹುಬ್ಬು ಗಂಟಿಕ್ಕಿದರು. "ನಿನ್ನನ್ನ ಯಾವನ್ಲಾ ಕರೆದ? ನಾ ಕರೆದದ್ದು ನಿಮ್ಮ ತಾತನ್ನ. ಅವನ ಮಗ ನುಗ್ಗಿ ಬತ್ತಾ ಇದ್ದ, ಸೊಂಟ ಇಡ್ಕೋ ಅಂದೆ. ಅಗೋ ನೋಡು."

ನೋಡಿದೆ. ನಾನು ಎಡಗಡೆಗೆ ವಾಲಿದ್ದನ್ನು ಕಂಡು ಅಪ್ಪನಿಗೆ ತಡೆಯಲಾಗಿಲ್ಲ. ತಾವೇ ಬೀಳುತ್ತಿದ್ದ ಹಾಗೆ ಆಗಿದೆ. ಟವಲು ಎಸೆದು, ಜನರನ್ನು ತಳ್ಳಿಕೊಂಡು, ಮಗನನ್ನು ಎತ್ತಿ ಹಿಡಿಯಲು ಅಖಾಡಕ್ಕೇ ಇಳಿಯಲು ಬಂದಿದ್ದಾರೆ. ಹೊರಗಿನವನೊಬ್ಬ ಕಾಲಿಟ್ಟರೆ ನಾನು ಸೋತಹಾಗೆ ಲೆಕ್ಕ. ಉಸ್ತಾದರು ಬಾಯಲ್ಲಿದ್ದದ್ದನ್ನೆಲ್ಲ ಉಗಿದು ತಾತನನ್ನು ಕೂಗಿದ್ದಾರೆ. ತಾತ ಊರುಗೋಲು ಬಿಸಾಡಿ ಹಿಂದಿನಿಂದ ಅಪ್ಪನ ಸೊಂಟ ತಬ್ಬಿದ್ದಾರೆ. ಹಿಂದಿನಿಂದ ಯಾರಾದರೂ ಸೊಂಟ ಹಿಡಿದರೆ ಬಗ್ಗಿ ಒಂದು ಸಲ ಕೊಡವಬೇಕು ಅಂತ ಉಸ್ತಾದರು ಹಿಂದೆ ಅಪ್ಪನಿಗೆ ಹೇಳಿಕೊಟ್ಟಿದ್ದರು. ಹಿಡಿದವರು ಯಾರು ಅಂತ ನೋಡದೆ ಅಪ್ಪ ಬಗ್ಗಿ ಕೊಡವಿದ್ದಾರೆ. ಮಡಿ ಪಂಚೆ ಉಟ್ಟ ತಾತ ಅಖಾಡದ ಅಂಚಿನ ಮಣ್ಣಿನ ರಾಶಿಯ ಮೇಲೆ ಅಂಗಾತ ಬಿದ್ದಿದ್ದರು.

ಅಪ್ಪ ತಾತನನ್ನು ಎತ್ತಿ, ಪಂಚೆ ಕೊಡವಿ, ಉಸ್ತಾದರ ಮುಂದೆ ಬಂದು ಕೈಮುಗಿದು ನಿಂತರು. "ನಾಳೆ ಬತ್ತೀನಿ ಅಂದಿದ್ದೆ, ಬರಕ್ಕಾಗಲಿಲ್ಲ ಉಸ್ತಾದ್ರೇ" ಅಂದರು.

"ಓಗ್ಲಿ ಬಿಡು. ನಿನ್ ಬಸ್ಕಿ ಎಲ್ಲಾ ಈ ಉಡುಗ ಒಡ್ದವ್ನೆ. ಲಗ್ನ ಚೆನ್ನಾಗಾಯ್ತಂತೆ, ಆಗ್ಲೇ ಏಳ್ದ" ಅಂದರು ಉಸ್ತಾದರು. ಅಪ್ಪನ ಬೆನ್ನು ತಟ್ಟಿದರು. "ಕೊಡವಿದ್ದು ಸರ್ಯಾಗಿತ್ತು. ಅಷ್ಟೊರ್ಷ ಆದ್ಮೇಲಾದ್ರೂ ಬಲಗಡೀಕೆ ಬಗ್ಗಿದ್ಯಲ್ಲ."

ಆಮೇಲೆ ಮೂವರನ್ನೂ ಸಾಲಾಗಿ ನಿಲ್ಲಿಸಿಕೊಂಡು ನೋಡಿದರು.

"ನೀ ಗೆದ್ದೆ. ನೀನು ನಂಜುಂಡ" ಅಂದರು ನನಗೆ.

ನನಗೆ ಕುಣಿಯುವಷ್ಟು ಸಂತೋಷ. ಹೇಳುತ್ತೇನೆ, ಆಮೇಲೆ ಎಷ್ಟು ಕುಸ್ತಿ ಗೆದ್ದರೂ ಅಂಥ ಸಂತೋಷ ಬರಲಿಲ್ಲ.

"ನೀನೂ ಗೆದ್ದೆ. ನೀನೂ ನಂಜುಂಡ" ಅಂದರು ಅಪ್ಪನಿಗೆ. ಅಪ್ಪ ಸುತ್ತಮುತ್ತ ನೋಡಿದರು, ಯಾರಿಗಾದರೂ ಕೇಳಿಸಿತಾ ಅಂತ.

ತಾತ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ನಾನ್ಯಾರು ಉಸ್ತಾದ್ರೇ?"

ಉಸ್ತಾದರು ತಾತನ ಬೆನ್ನು ತಿರುಗಿಸಿ ನೋಡಿದರು. ಬಿಳಿ ಅಂಗಿಗೆ ಕುತ್ತಿಗೆಯಿಂದ ಸೊಂಟದವರೆಗೂ ಹಾಸನದ ಕೆಂಪು ಮಣ್ಣು.

"ಬೆನ್ನಿಗೆ ಮಣ್ಣು ಅಂಟದೆ. ನೀನು ಬಸಪ್ಪ."

ಊರಿಗೆ ಬರುವವರೆಗೂ ತಾತ ಅಂಗಿಯ ಬೆನ್ನು ಕೊಡವಿಕೊಳ್ಳುತ್ತಲೇ ಇದ್ದರು. ಊಟಕ್ಕೆ ಕೂತರೂ ತಟ್ಟೆ ನೋಡಿಕೊಂಡೇ ಉಂಡರು. ಜಗಲಿಗೆ ಹೋಗಲಿಲ್ಲ. ಅವ್ವ ಹೆದರಿಕೊಂಡು, "ಮೈಯಲ್ಲಿ ಹುಷಾರಿಲ್ವಾ ಮಾವನವರಿಗೆ?" ಅಂತ ಕೇಳಿದರೆ ಅಪ್ಪ ಕನ್ನಡಿಯ ಮುಂದೆ ನಿಂತು ಮೀಸೆ ನೀವಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ನಾನು ಬೇಗನೆ ಎದ್ದು ಗರಡಿಗೆ ಓಡಿದೆ. ನಂಜುಂಡಾ ಅಂತ ಕರೆಸಿಕೊಳ್ಳಬೇಕಲ್ಲ. ಹೋಗಿ ನೋಡಿದರೆ ನನಗಿಂತ ಮುಂಚೆ ಅಲ್ಲಿ ಯಾರೋ ಇದ್ದಾರೆ. ಬೆಳ್ಳಿ ಹಿಡಿಯ ಊರುಗೋಲು ಮೂಲೆಯಲ್ಲಿ ಒರಗಿದೆ, ಅದರ ಮೇಲೆ ಮಡಿಸಿದ ಪಂಚೆ. ತಾತ ಹಳೆಯ ಲಂಗೋಟಿ ಬಿಗಿದು, ಹೊಟ್ಟೆ ಒಳಕ್ಕೆ ಎಳೆದುಕೊಂಡು ಬಸ್ಕಿ ಹೊಡೆಯುತ್ತಿದ್ದರು.

"ತಾತಾ, ಇದೇನು ನೀವಿಲ್ಲಿ?" ಅಂದೆ.

"ಮಗ ಒಬ್ಬ, ಮೊಮ್ಮಗ ಒಬ್ಬ, ಇಬ್ಬರೂ ನನ್ನ ಹೆಸರು ಹಾಕ್ಕೊಂಡು ಊರೆಲ್ಲಾ ಮೆರೀತಾ ಇದ್ದೀರಿ" ಅಂದರು ತಾತ, ಏಳುತ್ತಾ ಕೂರುತ್ತಾ. "ಕೊಟ್ಟಿದ್ದು ಸಾಕು. ವಾಪಸ್ ಇಸ್ಕೊಂಡು ಹೋಗೋಣ ಅಂತ ಬಂದೆ."

ಮಟ್ಟಿ ಹದ ಮಾಡುತ್ತಿದ್ದ ಉಸ್ತಾದರು ಪಟ್ಟನೆ ಗೋಡೆಯ ಕಡೆ ತಿರುಗಿಕೊಂಡರು. ಅವರ ಭುಜ ಎರಡೂ ಅಲುಗುತ್ತಿದ್ದವು. ಆ ಗರಡಿಯಲ್ಲಿ ಅಪ್ಪಣೆ ಮುರಿದು ಮೊದಲು ನಕ್ಕವರು ಅವರೇ. ಮುಖ ಒರೆಸಿಕೊಂಡು ಈ ಕಡೆ ತಿರುಗಿದಾಗ ದನಿ ಎಂದಿನ ಹಾಗೆ ಗಟ್ಟಿಯಾಗಿಯೇ ಇತ್ತು.

"ಮಾತು ಸಾಕು ಬಸಪ್ಪಾ. ಸೊಂಟ ಬಗ್ಸು."